ಹೂಡಿಯ ಹಿಂದಿದ್ದ ಕಪ್ಪು ನೆರಳು

ಮೆರಿಲ್ ಟ್ರೆಗಿಲ್ಗಸ್‌ಗೆ ಕೂತಲ್ಲಿ ಕೂರುವ ಅಭ್ಯಾಸವಿಲ್ಲ. ಕಡಲ ದಂಡೆಯ ಊರಾದ ಪೋರ್ಟ್ ಹೆಲ್ಲಿಯರ್‌ನ ಚರ್ಚಿನಲ್ಲೂ ಅವಳದು ಬಾಗಿಲ ಪಕ್ಕದ ಬೆಂಚು. ಪ್ರಾರ್ಥನೆಯ ನಡುವೆ ಹದ್ದೇನಾದರೂ ಹಾರಿದರೆ ಎದ್ದು ಓಡಬೇಕಲ್ಲ. ಇಂಥವಳು ಒಂದು ಹಕ್ಕಿಯ ಮುಂದೆ ಅರ್ಧ ದಿನ ಹೊಟ್ಟೆಯಡಿಯಾಗಿ ಮಲಗಿರುತ್ತಾಳೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಆದರೆ ಫೋಟೋ ಸಾಕ್ಷಿಗಿದೆ.

ಊರಿನ ವಾರಪತ್ರಿಕೆಗೆ ಅವಳು ಸೇರಿದ್ದು ಜಾಹೀರಾತು ಬರೆದುಕೊಳ್ಳುವ ಗುಮಾಸ್ತೆಯಾಗಿ. ಒಂದು ವಾರ ಟ್ರ್ಯಾಕ್ಟರ್ ಮಾರುವವನು ಕೈಕೊಟ್ಟ. ಉಬ್ಬರವಿಳಿತದ ಪಟ್ಟಿಯ ಕೆಳಗೆ ಅಂಗೈಯಗಲ ಜಾಗ ಖಾಲಿ ಬಿತ್ತು. "ಏನಾದ್ರೂ ತುಂಬು" ಎಂದ ಸಂಪಾದಕ ಡಗ್. ಅವಳು ಕಟ್ಟೆಯ ಮೇಲೆ ಕೂತ ಪೆಲಿಕನ್ ಹಕ್ಕಿಯ ಫೋಟೋ ಹಾಕಿ, ಇದು ನಮ್ಮ ಪುರಸಭಾ ಅಧ್ಯಕ್ಷರ ಹಾಗೆ ಕೂತಿದೆ ಎಂದು ನಾಲ್ಕು ಸಾಲು ಬರೆದಳು. ಅಧ್ಯಕ್ಷರೊಬ್ಬರನ್ನು ಬಿಟ್ಟು ಊರೆಲ್ಲ ನಕ್ಕಿತು. ಟ್ರ್ಯಾಕ್ಟರಿನವನು ಮರಳಿ ಬಂದಾಗ ಆ ಜಾಗ ಮಾರಾಟಕ್ಕಿರಲಿಲ್ಲ. ಅಂದಿನಿಂದ ಅದು ಅವಳದೇ.

ಅಂಕಣಕ್ಕೆ ಅವಳು ಹಾಕಿಕೊಂಡಿದ್ದು ಒಂದೇ ಕಟ್ಟಳೆ: ಗೂಡಿನ ಜಾಗ ಬಯಲಾಗಕೂಡದು. ಬಂಡೆ, ಬೇಲಿ, ದೀಪಸ್ತಂಭ, ಗುರುತು ಹತ್ತುವ ಯಾವುದನ್ನೂ ಚಿತ್ರದಲ್ಲಿ ಉಳಿಸುತ್ತಿರಲಿಲ್ಲ. ಕಳ್ಳಮಾಲು ಮಾರುವವನೂ ಅಷ್ಟು ಜೋಪಾನವಾಗಿ ಮಾಲಿನ ಗುರುತುಚೀಟಿ ಕೀಳುವುದಿಲ್ಲ.

ಆ ಜನವರಿಯಲ್ಲಿ ಅವಳ ನಿದ್ದೆ ಕೆಡಿಸಿದ್ದು ಕರಿತಲೆಯ ಪುಟ್ಟ ಹೂಡಿ ಹಕ್ಕಿ. ಅದು ಗೂಡು ಕಟ್ಟುವ ಗೋಜಿಗೇ ಹೋಗುವುದಿಲ್ಲ. ದಂಡೆಯ ಬರಿ ಮರಳಿನಲ್ಲಿ ಕುಳಿ ಕೆದಕಿ ಮರಳಿನದೇ ಬಣ್ಣದ ಮೊಟ್ಟೆ ಇಡುತ್ತದೆ. ದಂಡೆಯ ಮೇಲೆ ಗಾಡಿ ಓಡಿಸುವ ಊರಿನಲ್ಲಿ ಇದು ಶುದ್ಧ ನಷ್ಟದ ವ್ಯಾಪಾರ. ಹಿಂದಿನ ವರ್ಷ ಈ ಹಕ್ಕಿಯ ಮೊಟ್ಟೆಗಳು ಟೈರಿಗೆ ಸಿಕ್ಕಿದ್ದವು. ಈ ಸಲವಾದರೂ ಮರಿ ಹೊರಬರಲಿ, ಜನ ನೋಡಿ ಗಾಡಿ ಓಡಿಸಲಿ ಎಂದು ಮೆರಿಲ್ ಹಕ್ಕಿಯ ಫೋಟೋ ಅಚ್ಚು ಹಾಕಿಸಿದಳು.

ಗುರುವಾರ ಬೇಕರಿಯಲ್ಲಿ ಮೀನುಗಾರ ಕ್ಲೆಮ್ ಷುಲ್ಟ್ಸ್ ಪತ್ರಿಕೆ ಹರಡಿಕೊಂಡು ಕೂತಿದ್ದ.

"ಫೋಟೋ ಭರ್ಜರಿಯಾಗಿದೆ ಮೆರಿಲ್."

"ಹಕ್ಕಿ ಕಣ್ಣು ನೋಡಿದ್ಯಾ?"

"ಯಾವ ಹಕ್ಕಿ?"

ಅವನ ಬೆರಳಿದ್ದದ್ದು ಹಕ್ಕಿಯ ಹಿಂದಿನ ಸಮುದ್ರದ ಮೇಲೆ. ನೀಲಿ ನೀರಿನಲ್ಲಿ ಎಣ್ಣೆ ಚೆಲ್ಲಿದಂಥ ಕಪ್ಪು ನೆರಳು. ಅದು ಸಾಲ್ಮನ್ ಮೀನಿನ ಹಿಂಡು ಎಂದು ಆ ಕರಾವಳಿಯ ತೊಟ್ಟಿಲ ಕೂಸಿಗೂ ಗೊತ್ತು.

"ಈ ಮುರುಕು ಕಲ್ಸಾಲು ನೋಡು, ನೀರೊಳಗೆ. ಇದು ಮರಳುದಿಬ್ಬದ ಆಚೆ ದಂಡೆನೇ. ನಿಮ್ಮಪ್ಪ ಗಾಳ ಹಾಕ್ತಿದ್ದ ಜಾಗ. ಶನಿವಾರ ಎಲ್ರೂ ಹೊರಟಿದೀವಿ. ನಿನ್ನ ಉಪಕಾರ ಮರೆಯಲ್ಲ ಮಾರಾಯ್ತಿ."

ಮೆರಿಲ್ ಪತ್ರಿಕೆಯನ್ನು ತನ್ನತ್ತ ಎಳೆದುಕೊಂಡಳು. ಮೀನುಗಾರನ ಮಗಳಾಗಿಯೂ ಅವಳು ನೆಲದ ಗುರುತೆಲ್ಲ ಅಳಿಸಿ, ನೀರನ್ನು ಹಾಗೇ ಬಿಟ್ಟುಬಿಟ್ಟಿದ್ದಳು.

"ಅಲ್ಲೇ ಮೊಟ್ಟೆ ಇದೆ ಕ್ಲೆಮ್. ಗಾಡಿ ಬೇಡ, ನಡ್ಕೊಂಡು ಹೋಗಿ."

"ಐಸ್ ಪೆಟ್ಟಿಗೆ ನೀನು ಹೊರ್ತೀಯಾ?"

ಶುಕ್ರವಾರವಿಡೀ ಅವಳು ನಿಂತಲ್ಲಿ ನಿಲ್ಲಲಿಲ್ಲ. ವನ್ಯಜೀವಿ ಕಚೇರಿಗೆ ಫೋನ್ ಮಾಡಿದಳು. ಸಾಲು ರಜೆ, ಯಂತ್ರ ಉತ್ತರಿಸಿತು. ದಂಡೆಯಲ್ಲಿ ಎಚ್ಚರಿಕೆಯ ಹಲಗೆ ನೆಟ್ಟಳು, ಗಾಳಿ ಕಿತ್ತೊಗೆಯಿತು. ಮತ್ತೆ ನೆಟ್ಟಳು. ಮನೆಗೆ ಬಂದು ಚಹಾ ಕಾಯಿಸಿ, ಕುಡಿಯದೆ ಮತ್ತೆ ಹೊರಟಳು.

ಶನಿವಾರ ಬೆಳಗಿನ ಜಾವ ಗಾಡಿಗಳ ಸಾಲು ಬಂದಾಗ, ದಿಬ್ಬಗಳ ನಡುವಿನ ಇಕ್ಕಟ್ಟು ದಾರಿಯಲ್ಲಿ ಮೆರಿಲ್‌ಳ ಹಳೆ ಪಿಕಪ್ ಗಾಲಿ ಮುಳುಗುವಷ್ಟು ಹೂತು ನಿಂತಿತ್ತು. ಹೂತ ಗಾಡಿಯನ್ನು ಎಳೆದು ಹಾಕದೆ ಮುಂದೆ ಹೋಗುವ ಪದ್ಧತಿ ಆ ಊರಲ್ಲಿಲ್ಲ. ಕ್ಲೆಮ್ ಹಗ್ಗ ಹಿಡಿದು ಇಳಿದವನು ಟೈರನ್ನು ಒದ್ದು ನೋಡಿದ. ಗಾಲಿ ಹೂಳದಿರಲು ಟೈರಿನ ಗಾಳಿ ತುಸು ಇಳಿಸಿಯೇ ಮರಳಿಗೆ ಇಳಿಯಬೇಕು; ಅದನ್ನು ಮರೆಯುವವರು ಪಟ್ಟಣದ ಪ್ರವಾಸಿಗರು ಮಾತ್ರ.

"ಗಾಳಿ ಇಳಿಸಿಲ್ಲ."

"ಮರೆತೆ."

"ನಿಮ್ಮಪ್ಪ ಕೇಳಿದ್ರೆ ಗೋರಿಯಿಂದ ಎದ್ದು ಬರ್ತಿದ್ದ."

"ಬಂದ್ರೂ ನಡ್ಕೊಂಡೇ ಬರ್ಬೇಕು. ದಾರಿ ಕಟ್ಟಿದೆ."

"ಕೀ ಕೊಡು."

"ಮರಳಲ್ಲಿ ಎಲ್ಲೋ ಬಿತ್ತು."

ಕ್ಲೆಮ್ ಅವಳ ಮುಖವನ್ನೂ ಟೈರನ್ನೂ ಮತ್ತೊಮ್ಮೆ ನೋಡಿ, ಹಗ್ಗ ಸುತ್ತಿಟ್ಟ. ಹಿಂದಿನ ಗಾಡಿಯವರು ಬೈದರು, ಆಮೇಲೆ ನಕ್ಕರು, ಕೊನೆಗೆ ಗಾಳದ ಕೋಲು ಹೆಗಲಿಗೇರಿಸಿದರು. ಅವಳು ಎಲ್ಲರಿಗಿಂತ ಮುಂದೆ ಓಡಿ, ಒದ್ದೆ ಮರಳಿನಂಚಿನಲ್ಲೇ ಅವರನ್ನು ನಡೆಸಿದಳು.

ಮಧ್ಯಾಹ್ನ ಬರಿಗೈಲಿ ವಾಪಸಾದರು.

"ಫೋಟೋ ಯಾವತ್ತಿಂದು?" ಎಂದ ಕ್ಲೆಮ್.

"ಮಂಗಳವಾರದ್ದು."

"ಹಾಗಾದ್ರೆ ಆ ಮೀನು ಈಗ ಬೇರೆ ಊರಿಂದು. ಕಾಲಿಂದ ಬೂಟು ಬಿಚ್ಚು."

ಕೀ ಬಲಗಾಲಿನ ಬೂಟಿನಲ್ಲಿತ್ತು.

ಮುಂದಿನ ವಾರದ ಅಂಕಣದಲ್ಲಿ ಹೂತ ಪಿಕಪ್ಪಿನ ಫೋಟೋ ಬಂತು. ತೆಗೆದವನು ಕ್ಲೆಮ್, ಹೆಸರೂ ಅವನದೇ. ಅದರ ಮರುವಾರ ಹೂಡಿಯ ಮರಿ. ಚಿತ್ರದ ತುಂಬ ಮರಳು, ನಡುವೆ ಕಡ್ಡಿಕಾಲಿನ ಮೇಲೆ ಹತ್ತಿಯುಂಡೆ, ಬೇರೇನೂ ಇಲ್ಲ.

ಬೇಕರಿಯಲ್ಲಿ ಕ್ಲೆಮ್ ಪತ್ರಿಕೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿದ. "ಸಮುದ್ರ ಎಲ್ಲಿ?"

"ಮಾರಾಟಕ್ಕಿಲ್ಲ" ಎನ್ನುತ್ತಲೇ ಮೆರಿಲ್ ದಂಡೆಯತ್ತ ಹೊರಟು ಬಾಗಿಲು ದಾಟಿಯಾಗಿತ್ತು. ಮರಿಗೆ ಇನ್ನೂ ಹಾರಲು ಬರುತ್ತಿರಲಿಲ್ಲ.