ಮದ್ದಿನ ಮೇಲೆ ಹಸಿ ರವೆ

ಬಟ್ಟೆ ಒಗೆದು ಹರವಿದ್ದು, ಖಾಲಿಯಾದ ಕಸದ ಬಿನ್ ಒಳಗೆ ತಂದಿದ್ದು, ಕರಿಬೇವಿನ ಕುಂಡ ಬಿಸಿಲಿಗೆ ಸರಿಸಿದ್ದು, ಟೂಂಗಾಬಿಯ ಇಂಡಿಯನ್ ಅಂಗಡಿಯಲ್ಲಿ ರವೆ ಕೊಂಡಿದ್ದು, ಸಂಜೆ ರಿವಾಲ್ವರ್ ತೊಳೆಯಲು ನೀರು ಕಾಯಿಸಿದ್ದು. ಇವತ್ತಿನ ಕೆಲಸ ಇಷ್ಟು.

ರಿವಾಲ್ವರ್ ನಮ್ಮವರದು. ಹಳೆಯ ಮಾದರಿ, ಕಾಡತೂಸು ಹಾಕುವಂಥದ್ದಲ್ಲ. ಸಿಲಿಂಡರಿನ ಪ್ರತಿ ತೂತಿಗೂ ಮದ್ದು ಸುರಿದು, ಸೀಸದ ಗುಂಡು ಒತ್ತಿ, ಹಿಂದೆ ತಾಮ್ರದ ಪುಟ್ಟ ಕ್ಯಾಪ್ ಸಿಕ್ಕಿಸಬೇಕು. ಶನಿವಾರ ಕ್ಲಬ್ಬಿನಲ್ಲಿ ಗುರಿ ಹೊಡೆಯುವುದೊಂದೇ ಅವರ ಚಟ. ಮಣಿಕಟ್ಟಿನ ಆಪರೇಷನ್ ಆದ ಮೇಲೆ ಇವತ್ತೇ ಮೊದಲು ಹೊರಟಿದ್ದರು. ಕೈ ತಡೆಯದಿದ್ದರೆ ಮಾರಿಬಿಡುತ್ತೇನೆಂದು ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಓದುವ ಮಗಳಿಗೆ ಮಾತು ಕೊಟ್ಟಿದ್ದರು.

ಕರೆದೊಯ್ಯಲು ಕ್ಲಬ್ಬಿನ ಅಂಕಲ್ ಬಂದರು. ಮೈಸೂರಿನವರು, ರಿಟೈರ್ಡ್ ಇಂಜಿನಿಯರ್.

"ಹೊಡದಾಗ ಕೈಗೆ ಒದಿಯೂದು ಕಮ್ಮಿ ಆಗ್ಬೇಕಂದ್ರ, ಈಗಿನ ಪಿಸ್ತೂಲಿಂದು ಹೊಗಿ ಇಲ್ಲದ ಪುಡಿ ಸ್ವಲ್ಪೇ ಹಾಕಿದ್ರ ಹೆಂಗ್ರಿ?" ಎಂದು ನಮ್ಮವರು ಕೇಳಿದರು.

"ಕೈ ಆಯ್ತು, ಇನ್ನು ಕಣ್ಣಿಗೂ ಆಪರೇಷನ್ ಬೇಕಾ? ಅದರ ಒತ್ತಡಕ್ಕೆ ಈ ಸಿಲಿಂಡರ್ ಒಡೆದೇ ಹೋಗುತ್ತೆ. ಇದಕ್ಕೆ ಕಪ್ಪು ಮದ್ದೇ, ಸಣ್ಣ ಹರಳಿಂದು. ಅದನ್ನೇ ಕಮ್ಮಿ ಹಾಕೋಣ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಬಿಡಬಾರದು ನೋಡಿ, ಆ ಜಾಗಕ್ಕೆ ರವೆ. ಎಲ್ಲಿ ಅಮ್ಮಾ, ನಿಮ್ಮ ರವೆ ತೋರಿಸಿ."

ಡಬ್ಬಿ ಕೊಟ್ಟೆ. ಮೂಸಿ ನೋಡಿದರು.

"ಇದೇನಮ್ಮಾ, ಘಮಘಮ ಅಂತಿದೆ?"

"ಹುಳಾ ಬೀಳಬಾರದಂತ ತುಪ್ಪದಾಗ ಹುರದಿಟ್ಟೇನ್ರಿ."

"ಗುರಿ ಹಲಗೆಗೆ ಉಪ್ಪಿಟ್ಟು ಬಡಿಸೋಕಾ? ಜಿಡ್ಡು ತಾಗಿದ್ರೆ ಮದ್ದು ಸರಿಯಾಗಿ ಹೊತ್ಕೊಳ್ಳಲ್ಲ. ಹಸಿದೇ ಬೇಕು."

ಹುಬ್ಬಳ್ಳಿಯ ತವರಿನಿಂದಲೂ ನನಗೆ ಹಸಿ ರವೆ ಇಟ್ಟುಕೊಳ್ಳುವ ರೂಢಿಯಿಲ್ಲ. ನಾನೂ ಜೊತೆಗೆ ಹೊರಟೆ, ದಾರಿಯಲ್ಲಿ ಕಾರು ನಿಲ್ಲಿಸಿ ಒಂದು ಪ್ಯಾಕೆಟ್ ಕೊಂಡೆವು.

ಕ್ಲಬ್ಬಿನಲ್ಲಿ ಮೊದಲ ಗುಂಡಿಗೆ ಬಿಳಿ ಹೊಗೆ ಎದ್ದಿತು. ನಾನು ಹಲಗೆಯ ಕಡೆ ನೋಡಲೇ ಇಲ್ಲ, ಅವರ ಮಣಿಕಟ್ಟನ್ನೇ ನೋಡುತ್ತಿದ್ದೆ. ಅದು ಸ್ವಲ್ಪ ಮೇಲೆದ್ದು ಮತ್ತೆ ತನ್ನ ಜಾಗಕ್ಕೆ ಬಂತು. ಸಿಲಿಂಡರ್ ಖಾಲಿಯಾಗುವವರೆಗೂ ಹಾಗೆಯೇ. ಗುಂಡುಗಳೆಲ್ಲ ಹಲಗೆಯ ಕೆಳಗಿನ ಅಂಚಿಗೆ ಬಿದ್ದಿದ್ದವು.

"ನೋವಾತೇನ್ರಿ?"

"ಆತು. ಬಾಟ್ಲಿ ಮುಚ್ಚಳಾ ತಗ್ಯೂವಾಗ ಆಗೂವಷ್ಟ."

ಸಂಜೆ ಅವರು ಬಿಸಿ ಸೋಪಿನ ನೀರಿನಲ್ಲಿ ಮಸಿ ತೊಳೆಯುತ್ತಿದ್ದಾಗ ಮಗಳ ಫೋನ್ ಬಂತು. ಸ್ಪೀಕರಿಗೆ ಹಾಕಿದೆ.

"ಸೋ ಅಪ್ಪಾ, ಆರ್ ಯು ಸೆಲ್ಲಿಂಗ್ ಇಟ್?"

"ಇಲ್ಲವ್ವಾ. ಇನ್ನೂ ಪ್ಯಾಕೆಟ್ ತುಂಬ ರವಾ ಉಳದೈತಿ."

ರಾತ್ರಿ ತುಪ್ಪದಲ್ಲಿ ಹುರಿದಿದ್ದ ರವೆಯ ಉಪ್ಪಿಟ್ಟು, ಶೇಂಗಾ ಚಟ್ನಿ, ಮೊಸರು. ಆಪರೇಷನ್ ಆದಾಗಿನಿಂದ ಇಡುವಂತೆ ತಟ್ಟೆಯ ಪಕ್ಕ ಚಮಚ ಇಟ್ಟಿದ್ದೆ. ಅವರು ಅದನ್ನು ಸರಿಸಿ ಕೈಯಿಂದಲೇ ಉಂಡರು. ಮಣಿಕಟ್ಟಿನ ಕೆಳಗೊಂದು ದಿಂಬಿಟ್ಟುಕೊಂಡು ಅವರೇ ಮೊದಲು ಮಲಗಿದರು.