ಜಾಯಿಕಾಯಿ ಹಾಕದ ದಿನ

ನನ್ನ ತಮ್ಮ ಹೋಟೆಲೊಂದರ ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಎಗ್‌ನಾಗ್ ಮಾಡುತ್ತಾನೆ. ಹಾಲು, ಸಕ್ಕರೆ, ಮೊಟ್ಟೆ ಕೂಡಿಸಿ ಕಡೆದರೆ ಎಗ್‌ನಾಗ್. ಮೇಲೆ ತುರಿದು ಉದುರಿಸುವುದು ಜಾಯಿಕಾಯಿ. ಕುಡಿಯುವವರಿಗೆ ಮಾತ್ರ ಆ ಘಮವೇ ಎಗ್‌ನಾಗ್.

ನನ್ನನ್ನು ಮೇಲೆ ಬೆಳಕಿರುವ ಗಲ್ಲಾದ ಕೆಲಸಕ್ಕೆ ಹಾಕಿ ಎಂದು ಯಜಮಾನರನ್ನು ಕೇಳಿ ಕೇಳಿ ಅವನ ಬಾಯಿ ಸೋತಿತ್ತು. ಕೆಲಸ ಕೆಟ್ಟರೆ ಎತ್ತಂಗಡಿ ಮಾಡುತ್ತಾರೆಂದು ಒಂದು ದಿನ ಜಾಯಿಕಾಯಿ ಹಾಕದೆಯೇ ಲೋಟಗಳನ್ನು ಕಳಿಸಿದ. "ಬರೀ ಮೊಟ್ಟೆ ಹಾಲು" ಎಂದು ಗಿರಾಕಿಗಳು ಎಲ್ಲವನ್ನೂ ಹಿಂದಿರುಗಿಸಿದರು.

ಮನೆಗೆ ಬಂದವನನ್ನು ಕೇಳಿದೆ, "ಹಾಕಿದ್ರಾ ಮೇಲಕ್ಕೆ?"

"ಇಲ್ಲಣ್ಣ. ನಿನ್ನ ಕೈಲೇ ಹೀಗಾದ್ರೆ ಬೇರೆಯವರನ್ನ ಹೇಗಪ್ಪಾ ನಂಬ್ಲಿ, ನೀನು ಇಲ್ಲೇ ಇರು ಅಂದ್ರು ಯಜಮಾನ್ರು."

"ಬೇಕಂತಲೇ ಬಿಟ್ಟೆ ಅನ್ನೋಕೆ ನಾಲಿಗೆ ಬಿದ್ದೋಗಿತ್ತೇನೋ?" ಎಂದು ರೇಗಿದೆ.

"ಹೇಳ್ದೆ. ತುರಿಮಣೆ ಮೊಂಡಾಗಿರ್ಬೇಕು ಅಂತ ನಕ್ಕು, ಹೊಸದು ತಂದುಕೊಟ್ರು."