ಬಾಜು ಮನೆ ಕಾಕಾ ಮತ್ತು ಕದಲದ ಬೋಲ್ಟು

ಮೊನ್ನೆ ಕುಂದಗೋಳದ ಗ್ಯಾರೇಜೊಂದರ ಮುಂದೆ ನಿಂತಿದ್ದೆ. ಒಳಗೆ ಯಾರೋ ಜಂಗು ಹಿಡಿದ ಕಬ್ಬಿಣದ ಮೇಲೆ ಡೀಸೆಲ್ ಸುರಿದರು. ಆ ವಾಸನೆಗೆ ಬಾಜು ಮನೆಯ ಕಾಕಾ ನೆನಪಾದರು...

ಯರಗುಪ್ಪಿಯಲ್ಲಿ ನಮ್ಮದೂ ಅವರದೂ ಒಂದೇ ಗೋಡೆ. ಕಾಕಾ ಬಹಳ ವರ್ಷ ಟ್ರ್ಯಾಕ್ಟರ್ ಓಡಿಸಿದವರು. ತೀರಿಕೊಂಡ ನನ್ನ ಗಂಡನ ಹಳೆಯ ಕಾರು ನಮ್ಮ ಅಂಗಳದಲ್ಲೇ ನಿಂತುಬಿಟ್ಟಿತ್ತು. ಮಾರಬೇಕು ಅಂತಲೂ ನನಗೆ ಅನ್ನಿಸಿರಲಿಲ್ಲ, ಇಟ್ಟುಕೊಳ್ಳಬೇಕು ಅಂತಲೂ ಅನ್ನಿಸಿರಲಿಲ್ಲ. ಆಗ ಏನೂ ಅನ್ನಿಸುತ್ತಿರಲಿಲ್ಲ. ಒಂದು ಮುಂಜಾನೆ ಕಾಕಾ ಬೋಲ್ಟು ಬಿಚ್ಚುವ ಪಾನಾಗಳ ಚೀಲ ಹಿಡಿದು ಬಂದು ತಾವೇ ಬಾನೆಟ್ ಎತ್ತಿದರು.

"ನೀರಿನ ಪಂಪ್ ಹೋಗೇತಿ. ಬ್ಯಾರೇದು ಹಾಕೂಣು. ನೀನ ಓಡಸಾಕ ಕಲಿ," ಎಂದರು.

ಹೂಂ ಅಂದೆ. ಬೇಡ ಅನ್ನುವುದಕ್ಕೂ ತ್ರಾಣವಿರಲಿಲ್ಲ.

ಹಳೆ ಪಂಪಿನ ಉಳಿದ ಬೋಲ್ಟುಗಳು ಬಂದವು, ಒಂದು ಮಾತ್ರ ಕದಲಲಿಲ್ಲ. ಕಾಕಾ ಡೀಸೆಲ್ ಬಿಟ್ಟರು, ಸುತ್ತಿಗೆಯಿಂದ ಮೆಲ್ಲಗೆ ಬಡಿದರು, ಬೈದರು. ಮರುದಿನವೂ ಅದೇ. ಕೊನೆಗೆ ಪಾನಾದ ಹಿಡಿಗೆ ಉದ್ದನೆಯ ಪೈಪು ಸಿಗಿಸಿ ನನ್ನನ್ನು ಕರೆದರು.

"ನನ್ನ ರಟ್ಟಿಯಾಗ ಬಲ ಇಲ್ಲವ್ವಾ. ನೀ ಒತ್ತು."

"ಮುರದ್ರರಿ?"

"ಮುರದ್ರ ಮುರೀಲಿ. ಒತ್ತು."

ಮೈಭಾರವನ್ನೆಲ್ಲ ಪೈಪಿನ ಮೇಲೆ ಬಿಟ್ಟೆ. ಕಿರ್ ಅಂತ ಸದ್ದಾಗಿ ಬೋಲ್ಟು ಸಡಿಲಾಯಿತು. ಕಾಕಾ ಜೋರಾಗಿ ನಕ್ಕರು. ನಾನು ಕೈ ತೊಳೆದುಕೊಂಡು ಚಹಾಕ್ಕೆ ಇಟ್ಟೆ.

ಹೊಸ ಪಂಪು ಕೂತಿತು. ಹೊಲದ ದಾರಿಯಲ್ಲಿ ಅವರೇ ನನಗೆ ಓಡಿಸುವುದನ್ನು ಕಲಿಸಿದರು. ಆಮೇಲೊಂದು ಮಧ್ಯಾಹ್ನ, ಅವರ ಹೆಂಡತಿ ಕಾಕು ಗುಡಗೇರಿಯ ತವರಿಗೆ ಹೋಗಿದ್ದಾಗ, ಕಾಕಾ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದು ಕಂಡಿತು. ಅದೇ ಕಾರಿನಲ್ಲಿ ಕೂರಿಸಿಕೊಂಡು ಹುಬ್ಬಳ್ಳಿಗೆ ಹೊರಟೆ. ದವಾಖಾನೆ ಮುಟ್ಟುವ ತನಕ ಜೀವವಿತ್ತು... ಸಂಜೆಯ ಹೊತ್ತಿಗೆ ಇರಲಿಲ್ಲ. ಕಾಕು ಬಂದು ನನ್ನ ಕೊರಳಿಗೆ ಬಿದ್ದು ಅತ್ತರು. ನಾನು ಕೀಲಿ ಹಿಡಿದುಕೊಂಡು ನಿಂತೇ ಇದ್ದೆ. ಗಂಡ ಹೋದಾಗ ಬಾರದ ಅಳು ಆಗಲೂ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಈಗ ಕಾಕುವನ್ನು ಗುಡಗೇರಿ ಸಂತೆಗೆ ಕರೆದೊಯ್ಯುವುದು ನಾನೇ. ಊರು ದಾಟುತ್ತಲೇ ಅವರು ಕೇಳುತ್ತಾರೆ.

"ಅವತ್ತ ದಾರಿಯಾಗ ಏನರ ಅಂದ್ರೇನವ್ವಾ ಅವರು?"

"ಕ್ಲಚ್ಚಿನ ಮ್ಯಾಲಿಂದ ಕಾಲ ತಗಿ ಅಂದ್ರರಿ ಕಾಕು."

"ಮತ್ತ?"

"ಅಷ್ಟರಿ."

ಕಾಕು ಕಿಟಕಿಯ ಕಡೆ ತಿರುಗುತ್ತಾರೆ. ನಾನು ಗೇರು ಬದಲಿಸುತ್ತೇನೆ.